ಎದುರು ಪಾರ್ಟಿಯ ಮಾತು

ನಮ್ಮಪ್ಪ ತಿಪಟೂರಿನಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ‘ಮುಕ್ತ’ ಧಾರಾವಾಹಿಯಲ್ಲಿ ಕೋರ್ಟಿನ ದೃಶ್ಯ ಬಂತೆಂದರೆ ಅವರ ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಕರಿಕೋಟಿನ ಸಿಎಸ್‌ಪಿ ವಾದಕ್ಕೆ ನಿಂತರೆ ಮನೆಮಂದಿಯೆಲ್ಲ ಅವರ ಕಡೆ. ಅಪ್ಪ ಮಾತ್ರ ಎದುರು ವಕೀಲನ ಮಾತಿಗೆ ಕಿವಿಗೊಡುತ್ತಿದ್ದರು. ‘ಆ ಕಡೆ ವಾದ ಕಟ್ಟಿರೋದೂ ಅವರೇ ಕಣಮ್ಮ. ಎಷ್ಟು ಬಲ ಕೊಟ್ಟಿದಾರೆ ನೋಡು’ ಎನ್ನುತ್ತಿದ್ದರು.

ಸಿಎಸ್‌ಪಿಯಾಗಿ ನಟಿಸಿದ ಟಿ.ಎನ್. ಸೀತಾರಾಮ್ ಅವರೇ ಧಾರಾವಾಹಿಯ ನಿರ್ದೇಶಕರೂ ಹೌದು. ಕಾನೂನು ಓದಿದವರು, ‘ಆಸ್ಫೋಟ’ದಂಥ ನಾಟಕ ಬರೆದವರು, ಭೈರಪ್ಪನವರ ‘ಮತದಾನ’ವನ್ನು ಸಿನಿಮಾ ಮಾಡಿದವರು. ಅವರ ಇನ್ನೊಂದು ನಾಟಕದ ಹೆಸರು ‘ನಮ್ಮೊಳಗೊಬ್ಬ ನಾಜೂಕಯ್ಯ’. ನಾಜೂಕಯ್ಯ ಪಕ್ಕದ ಬೀದಿಯಲ್ಲಿಲ್ಲ, ನಮ್ಮೊಳಗೇ ಇದ್ದಾನೆ ಎಂದು ಹೆಸರಲ್ಲೇ ಒಪ್ಪಿಕೊಂಡ ಬರಹಗಾರ ಎದುರು ಪಾರ್ಟಿಯನ್ನು ಹಗುರವಾಗಿ ಬರೆಯಲಾರ ಎಂದು ನನಗನ್ನಿಸುತ್ತದೆ.

ಆದರೂ ಒಂದು ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿತು. ಬೇರೆಯವರ ದನಿಯಲ್ಲಿ ಮಾತಾಡುವುದು ಸುಳ್ಳಲ್ಲವೇ? ಬರೆಯುವವರ, ನಟಿಸುವವರ ಕಸುಬೇ ಅದಲ್ಲವೇ?

1998ರಲ್ಲಿ ದೂರದರ್ಶನದಲ್ಲಿ ಬಂದ ಅವರ ‘ಮಾಯಾಮೃಗ’ದ ಹೆಸರೇ ಈ ಪ್ರಶ್ನೆಯನ್ನು ಪಂಚವಟಿಗೆ ಒಯ್ಯುತ್ತದೆ. ಬಾಣ ನಾಟಿದ ಮಾರೀಚ ಸಾಯುವಾಗ ರಾಮನ ದನಿಯಲ್ಲಿ ಕೂಗಿದ. ಸೀತೆ ನಂಬಿದಳು. ಲಕ್ಷ್ಮಣ ನಂಬಲಿಲ್ಲ, ಆದರೂ ಹೊರಡಬೇಕಾಯಿತು. (ಮಾರೀಚನ ಮೇಲೆ ನನಗೆ ಮರುಕವಿದೆ. ಈ ಕೆಲಸ ಬೇಡವೆಂದು ರಾವಣನಿಗೆ ಬುದ್ಧಿ ಹೇಳಿದವನು ಅವನು.) ಅವನು ತೆಗೆದುಕೊಂಡದ್ದು ರಾಮನ ಗಂಟಲನ್ನಷ್ಟೆ. ರಾಮನ ಸಂಕಟ ಅವನಿಗೆ ಬೇಕಿರಲಿಲ್ಲ.

ಶಂಕರರ ಕಥೆ ಬೇರೆ. ಮಂಡನಮಿಶ್ರರನ್ನು ವಾದದಲ್ಲಿ ಗೆದ್ದ ಮೇಲೆ ಅವರ ಮಡದಿ ಉಭಯಭಾರತಿ ಸಂಸಾರದ ವಿಷಯ ಎತ್ತಿದಳು. ಸಂನ್ಯಾಸಿಗೆ ಉತ್ತರ ಎಲ್ಲಿಂದ ಬರಬೇಕು? ಕಾಲಾವಕಾಶ ಕೇಳಿ, ತೀರಿಹೋದ ಅಮರುಕ ರಾಜನ ದೇಹ ಹೊಕ್ಕು, ಆ ಬಾಳನ್ನು ಒಳಗಿನಿಂದಲೇ ತಿಳಿದು ಬಂದರು ಎನ್ನುತ್ತದೆ ಶಂಕರವಿಜಯ. ಅವರ ಭಾಷ್ಯಗಳಲ್ಲೂ ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಆಮೇಲೆ ಸಿದ್ಧಾಂತ. ಹೊಸದಾಗಿ ಓದುವವರು ಪೂರ್ವಪಕ್ಷವನ್ನೇ ಶಂಕರರ ಮಾತೆಂದುಕೊಳ್ಳಬೇಕು, ಅಷ್ಟು ಗಟ್ಟಿಯಾಗಿರುತ್ತದೆ. ಗೆಲ್ಲುವುದಕ್ಕೆ ಮುಂಚೆ ಎದುರಿನವನಾಗಿ ಒಮ್ಮೆ ಮಾತಾಡಬೇಕಾದದ್ದು ಧರ್ಮ ಎಂದೇ ನಾನು ನಂಬಿದ್ದೇನೆ.

ಈ ನಂಬಿಕೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನನಗೆ ಇಪ್ಪತ್ತೆರಡಾಗಿದ್ದಾಗ ಅಜ್ಜನ ತೆಂಗಿನ ತೋಟದ ಪಾಲಿಗಾಗಿ ಚಿಕ್ಕಪ್ಪ ದಾವೆ ಹೂಡಿದರು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಒಂದು ರಾತ್ರಿ ಅಪ್ಪ ಹಸಿರು ಲೆಡ್ಜರ್ ಹಾಳೆಯೊಂದನ್ನು ಮುಂದಿಟ್ಟು, ‘ನಿಮ್ಮ ಚಿಕ್ಕಪ್ಪ ಏನು ಹೇಳ್ತಾನೆ, ಬರಿ. ನಾನು ಅಂತಲೇ ಬರಿ’ ಎಂದರು.

ಮೊದಲ ಮೂರು ಸಾಲುಗಳಲ್ಲಿ ಚಿಕ್ಕಪ್ಪ ದುರಾಸೆಯವರಾಗಿ ಬಂದರು. ಅಪ್ಪ ಗೀಟು ಹಾಕಿದರು. ‘ಇದು ನೀನು. ಅವನೆಲ್ಲಿ?’

ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಚಿಕ್ಕಪ್ಪನ ಅಂಗೈ ನೆನಪಾಯಿತು. ಕಾಯಿ ಸುಲಿದು ಸುಲಿದು ಹೆಬ್ಬೆರಳ ಬುಡದಲ್ಲಿ ಕಪ್ಪಗೆ ಜಡ್ಡುಗಟ್ಟಿತ್ತು. ಆಮೇಲೆ ಬರೆದೆ: ‘ಅಣ್ಣ ತುಮಕೂರಿಗೆ ಓದಲು ಹೋದ ವರ್ಷ ನಾನು ಎಂಟನೇ ಕ್ಲಾಸು ಬಿಟ್ಟೆ. ಅಂದಿನಿಂದ ತೋಟಕ್ಕೆ ನೀರು ಕಟ್ಟಿದವನು ನಾನು. ಅಟ್ಟದ ಮೇಲಿನ ಕೊಬ್ಬರಿ ಕಾದವನು ನಾನು. ನೀನು ಬಾ ಎಂದು ಯಾರೂ ನನ್ನನ್ನು ಸ್ಕೂಲಿಗೆ ಮತ್ತೆ ಕರೆಯಲಿಲ್ಲ.’

ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಏನೂ ಮಾತಾಡಲಿಲ್ಲ. ನನ್ನ ಕೈಯಿಂದ ಪೆನ್ನು ಇಸಕೊಂಡು ‘ಎಂಟನೇ’ ಎಂಬುದನ್ನು ಹೊಡೆದು, ಮೇಲೆ ಸಣ್ಣಗೆ ‘ಆರನೇ’ ಎಂದು ಬರೆದರು.