ಮಾಂಡವ್ಯ ಎಳೆದ ಗೆರೆ

ಅಂಕೋಲೆಯ ಬೊಬ್ರುವಾಡದಂಥ ಊರಿನಲ್ಲಿ ಹೈಸ್ಕೂಲಿಗೆ ಹೋಗುವ ಮಗುವೊಂದು ಊಟ ಕಡಿಮೆ ಮಾಡಿ, ರಾತ್ರಿ ನಿದ್ದೆಗೆಟ್ಟು, ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವೆಂದು ಮುದುಡಿಕೊಂಡರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಇದು ಯಾರ ದೋಷ’ ಎಂಬುದು. ಗಾಳಿ ಸೋಕಿತೋ, ದೃಷ್ಟಿ ತಾಗಿತೋ, ಹೇಳಿಕೊಂಡ ಹರಕೆ ತೀರದೆ ಉಳಿಯಿತೋ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ದೇವಸ್ಥಾನಕ್ಕೆ ಹೋಗಿ, ಕಾರಣವೇನೆಂದು ದೇವರಿಂದಲೇ ತಿಳಿಯಲು ಪ್ರಸಾದ ಕೇಳುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕಾರಣವಿಲ್ಲದೆ ನೋವು ಬರುವುದಿಲ್ಲ ಎಂಬ ಅವರ ನಂಬಿಕೆಯ ಹಿಂದೆ ಕರ್ಮಸಿದ್ಧಾಂತವೆಂಬ ದೊಡ್ಡ ತತ್ತ್ವ ನಿಂತಿದೆ. ಹಾಗಾಗಿ ಆ ತತ್ತ್ವದ ಒಳಗೆ ನಿಂತೇ ಕೇಳಬೇಕು: ಮಗುವಿನ ಮನಸ್ಸಿನ ನೋವನ್ನು ಯಾರದೋ ತಪ್ಪಿನ ಫಲವೆಂದು ಓದಲು ನಮ್ಮ ಧರ್ಮ ಅಪ್ಪಣೆ ಕೊಡುತ್ತದೆಯೇ? ಕೊಡುವುದಿಲ್ಲ ಎಂಬುದು ನನ್ನ ವಾದ.

ತೀವ್ರವಾದ ಮನೋರೋಗಗಳ ಮಾತನ್ನು ಇಲ್ಲಿ ಎತ್ತುತ್ತಿಲ್ಲ. ಪರೀಕ್ಷೆಯ ಭಯ, ವಾರಗಟ್ಟಲೆ ಬಿಡದ ಬೇಜಾರು, ಗೆಳೆಯರಿಂದ ದೂರ ಸರಿಯುವುದು, ಸಣ್ಣದಕ್ಕೂ ಸಿಡಿಯುವುದು, ಹೀಗೆ ಓದು-ಆಟ-ಊಟ ನಡೆದಿರುವಾಗಲೇ ಒಳಗೊಳಗೆ ಕೊರೆಯುವ ಸೌಮ್ಯ ತೊಂದರೆಗಳ ಮಾತು ಇದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಹಳ್ಳಿಗಳಲ್ಲಿ ಶೇ. 6.9. ನಲವತ್ತು ಮಕ್ಕಳ ತರಗತಿಯೆಂದರೆ ಹೆಚ್ಚುಕಡಿಮೆ ಮೂವರು. ಕಾಯಿಲೆಯ ಗೆರೆ ದಾಟದೆ ಕಷ್ಟಪಡುವವರು ಆ ಲೆಕ್ಕದ ಹೊರಗೇ ಉಳಿಯುತ್ತಾರೆ. ಕಾರಣಗಳು ಎಷ್ಟೋ ಸಲ ಕಣ್ಣೆದುರಿಗೇ ಇರುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿಯ ಒಳಗೆ ಬಿತ್ತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಅದನ್ನು ಕಂಡ ಮಗು ಮರುವರ್ಷದ ಮಳೆಯ ಸದ್ದಿಗೆ ಬೆಚ್ಚಿದರೆ ಅದಕ್ಕೆ ಯಾವ ದೇವರ ಮುನಿಸನ್ನು ಹುಡುಕಬೇಕು?

ಈ ಪ್ರಶ್ನೆಗೆ ಮಹಾಭಾರತದ ಆದಿಪರ್ವದಲ್ಲೇ ಒಂದು ಉತ್ತರವಿದೆ. ಮೌನವ್ರತದಲ್ಲಿದ್ದ ಮಾಂಡವ್ಯ ಋಷಿಯ ಆಶ್ರಮದಲ್ಲಿ ಕಳ್ಳರು ಮಾಲು ಬಚ್ಚಿಟ್ಟರು. ರಾಜಭಟರು ಕೇಳಿದಾಗ ಋಷಿ ಬಾಯಿ ಬಿಡಲಿಲ್ಲ. ಕಳ್ಳರ ಜೊತೆ ಅವನನ್ನೂ ಶೂಲಕ್ಕೇರಿಸಿದರು. ತಪಸ್ಸಿನ ಬಲದಿಂದ ಬದುಕಿದ ಅವನು, ಮೈಯೊಳಗೆ ಉಳಿದ ಶೂಲದ ತುದಿಯೊಡನೆ ಧರ್ಮದೇವತೆಯ ಬಳಿ ಹೋಗಿ ತನ್ನ ತಪ್ಪೇನೆಂದು ಕೇಳಿದ. ನೀನು ಹುಡುಗನಾಗಿದ್ದಾಗ ಹುಲ್ಲುಕಡ್ಡಿಯಿಂದ ಹುಳುಗಳನ್ನು ಚುಚ್ಚಿದ್ದೆ, ಅದರ ಫಲ ಇದು ಎಂದಿತು ಧರ್ಮ. ಲೆಕ್ಕ ಸರಿಯಾಗಿಯೇ ಇತ್ತು, ಚುಚ್ಚಿದ್ದಕ್ಕೆ ಚುಚ್ಚು. ಮಾಂಡವ್ಯ ಆ ಲೆಕ್ಕವನ್ನೇ ಒಪ್ಪಲಿಲ್ಲ. ಧರ್ಮದೇವತೆಗೇ ಮನುಷ್ಯಜನ್ಮದ ಶಾಪ ಕೊಟ್ಟ (ಹಾಗೆ ಹುಟ್ಟಿದವನೇ ವಿದುರ). ಜೊತೆಗೆ ಲೋಕಕ್ಕೊಂದು ಮರ್ಯಾದೆ ಹಾಕಿದ: ಹದಿನಾಲ್ಕು ವರ್ಷದ ತನಕ ಮಾಡಿದ್ದು ಯಾವುದೂ ಪಾಪವಲ್ಲ. ‘ಮರ್ಯಾದೆ’ ಎಂಬ ಮಾತಿಗೆ ಇಲ್ಲಿ ಗಡಿ ಎಂಬ ಅರ್ಥ. ಕರ್ಮದ ಲೆಕ್ಕಕ್ಕೆ ಬಾಲ್ಯದ ಅಂಚಿನಲ್ಲಿ ಒಂದು ಗಡಿ ಬಿತ್ತು, ಆ ಗಡಿ ಹಾಕಿಸಿದ್ದು ಧರ್ಮದ್ದೇ ಅತಿಯಾದ ಕಟ್ಟುನಿಟ್ಟು. ಹದಿನೈದಕ್ಕೆ ಏನು, ಹದಿನೇಳಕ್ಕೆ ಏನು ಎಂದು ಸಂಖ್ಯೆ ಹಿಡಿದು ಜಗ್ಗಬೇಕಿಲ್ಲ. ಬೆಳೆಯುತ್ತಿರುವ ಮನಸ್ಸನ್ನು ಬೆಳೆದವರ ತಕ್ಕಡಿಯಲ್ಲಿ ತೂಗಬಾರದು ಎಂಬ ತತ್ತ್ವ ಅಲ್ಲಿ ಸ್ಪಷ್ಟವಾಗಿದೆ.

ಇದಕ್ಕೆ ಬಲವಾದ ಒಂದು ಆಕ್ಷೇಪವುಂಟು. ಮಾಂಡವ್ಯ ತಡೆದದ್ದು ಈ ಜನ್ಮದ ಬಾಲ್ಯದ ಪಾಪವನ್ನು. ಪೂರ್ವಜನ್ಮದ ಸಂಚಿತ ಎಲ್ಲಿ ಹೋಯಿತು? ಚರಕಸಂಹಿತೆಯ ವಿಮಾನಸ್ಥಾನ ಈ ಗಂಟನ್ನು ನೇರವಾಗಿ ಬಿಡಿಸುತ್ತದೆ. ದೈವವೆಂದರೆ ಹಿಂದಿನ ದೇಹದಲ್ಲಿ ಮಾಡಿದ್ದು, ಪುರುಷಕಾರವೆಂದರೆ ಈಗ ಮಾಡುವುದು. ದುರ್ಬಲ ದೈವವನ್ನು ಬಲವಾದ ಪುರುಷಕಾರ ಮೀರುತ್ತದೆ ಎನ್ನುತ್ತದೆ ಅದು. ದೈವ ಬಲವಾದದ್ದೋ ದುರ್ಬಲವೋ ಎಂದು ತಿಳಿಯಲು ಪ್ರಯತ್ನಿಸಿ ನೋಡುವುದೊಂದೇ ದಾರಿ. ಹಾವು ಕಚ್ಚಿದವನನ್ನು ಪ್ರಾರಬ್ಧವೆಂದು ಯಾರೂ ಅಂಗಳದಲ್ಲಿ ಮಲಗಿಸುವುದಿಲ್ಲವಲ್ಲ. ಅದೇ ಚರಕನು ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳಿದ್ದಾನೆ: ಹರಕೆ, ಜಪ, ಹೋಮಗಳ ದೈವವ್ಯಪಾಶ್ರಯ, ಆಹಾರ, ಔಷಧಿಗಳ ಯುಕ್ತಿವ್ಯಪಾಶ್ರಯ, ಕೆಡುಕಿನತ್ತ ಹರಿಯುವ ಮನಸ್ಸನ್ನು ಹಿಡಿದು ತಿರುಗಿಸುವ ಸತ್ತ್ವಾವಜಯ. ಮೊದಲನೆಯದಕ್ಕೆ ನಮ್ಮಲ್ಲಿ ದೇವಸ್ಥಾನವಿದೆ, ಎರಡನೆಯದಕ್ಕೆ ಆಸ್ಪತ್ರೆಯಿದೆ. ಮೂರನೆಯದನ್ನು ಮಾತ್ರ ಕಳೆದುಕೊಂಡಿದ್ದೇವೆ, ಸೌಮ್ಯ ತೊಂದರೆಯ ಮಗುವಿಗೆ ಬೇಕಾದದ್ದು ಬಹುಮಟ್ಟಿಗೆ ಅದೇ. ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಉನ್ಮಾದವನ್ನು ಕುರಿತು ಬರೆಯುವಾಗ ಚರಕ, ದೇವರು-ಗಂಧರ್ವ-ಪಿಶಾಚಿಗಳನ್ನು ದೂರಬೇಡಿ ಎಂದು ಹೇಳಿ, ದೋಷವನ್ನು ರೋಗಿಯ ಪ್ರಜ್ಞಾಪರಾಧದ, ಅಂದರೆ ಅವನದೇ ಬುದ್ಧಿಯ ತಪ್ಪಿನ, ಮೇಲೆಯೇ ಹೊರಿಸುತ್ತಾನೆ. ದೊಡ್ಡವರಿಗೆ ಅದು ಎಷ್ಟು ಸಲ್ಲುತ್ತದೋ ಬೇರೆ ಚರ್ಚೆ. ಮಗುವಿನತ್ತ ಆ ಬೆರಳು ಚಾಚಿದರೆ ಮಾಂಡವ್ಯನ ಗೆರೆ ಅಡ್ಡ ಬರುತ್ತದೆ.

ಸತ್ತ್ವಾವಜಯ ಹೇಗಿರುತ್ತದೆಂಬುದಕ್ಕೆ ಭಗವದ್ಗೀತೆಯನ್ನೇ ನೋಡಬಹುದು. ಮೊದಲ ಅಧ್ಯಾಯದ ಅರ್ಜುನನಿಗೆ ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಚರ್ಮ ಸುಡುತ್ತದೆ, ತಲೆ ಸುತ್ತುತ್ತದೆ, ಗಾಂಡೀವ ಕೈಯಿಂದ ಜಾರುತ್ತದೆ. ಕೃಷ್ಣನ ಮೊದಲ ಪ್ರತಿಕ್ರಿಯೆ ಯಾವ ಅಪ್ಪನಾದರೂ ಮಾಡುವಂಥದ್ದೇ: ಎರಡು ಶ್ಲೋಕಗಳಲ್ಲಿ ಗದರಿಕೆ, ಹೇಡಿತನ ಬಿಡು, ಏಳು. ಆ ಗದರಿಕೆ ಫಲಿಸಲಿಲ್ಲ. ಅರ್ಜುನ ಯುದ್ಧ ಮಾಡೆನೆಂದು ಸುಮ್ಮನಾದ. ಅಲ್ಲಿಂದ ಮುಂದೆ ಕೃಷ್ಣ ದಾರಿ ಬದಲಿಸಿ ಮಾತಿಗೆ ಕೂರುತ್ತಾನೆ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಎಂದು ಅರ್ಜುನ ದೂರಿದಾಗ, ಹೌದು, ಕಷ್ಟವೇ ಎಂದು ಮೊದಲು ಒಪ್ಪಿ ಆಮೇಲೆ ಅಭ್ಯಾಸದ ಮಾತು ತೆಗೆಯುತ್ತಾನೆ. ಹದಿನೆಂಟನೆಯ ಅಧ್ಯಾಯದ ಕೊನೆಯಲ್ಲಿ, ಎಲ್ಲವನ್ನೂ ವಿಚಾರಿಸಿ ನಿನಗೆ ತೋಚಿದಂತೆ ಮಾಡು ಎಂದು ಬಿಟ್ಟುಕೊಡುತ್ತಾನೆ. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಎರಡು ಬಿಟ್ಟರೆ ಸರಿಯಾಗುತ್ತಿತ್ತು’ ಎನ್ನುವ ಹಿರಿಯರು, ಗೀತೆಯಲ್ಲಿ ಗದರಿಕೆಗೆ ಸಿಕ್ಕ ಜಾಗವೆಷ್ಟು, ಸಂವಾದಕ್ಕೆ ಸಿಕ್ಕ ಜಾಗವೆಷ್ಟು ಎಂದು ಒಮ್ಮೆ ಅಳೆದು ನೋಡಲಿ.

ಹಾಗಾದರೆ ದೇವಸ್ಥಾನ ಬೇಡವೇ? ಬೇಕು. ತಮಿಳುನಾಡಿನ ಹಳ್ಳಿಯೊಂದರ ದೇಗುಲದಲ್ಲಿ ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ನಿಮ್ಹಾನ್ಸಿನ ಸಂಶೋಧಕರು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿ ಆರು ವಾರಗಳ ವಾಸದ ಕೊನೆಗೆ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದವು. ಅಲ್ಲಿ ವಿಶೇಷ ಪೂಜೆಯೇನೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿದ್ದರು, ಸಣ್ಣಪುಟ್ಟ ಕೆಲಸವಿತ್ತು, ಹೀಯಾಳಿಸುವವರಿರಲಿಲ್ಲ. ಅದೇ ರಾಜ್ಯದ ಏರ್ವಾಡಿಯಲ್ಲಿ, ದರ್ಗಾದ ಗುಣಶಕ್ತಿ ನಂಬಿ ಬಂದವರನ್ನು ಸರಪಳಿ ಬಿಗಿದು ಇಟ್ಟಿದ್ದ ಆಶ್ರಯತಾಣಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದು 28 ಮಂದಿ ಸತ್ತರು. ಎರಡೂ ಕಡೆ ನಂಬಿಕೆಯಿತ್ತು. ನರಳುವವನನ್ನು ಮನುಷ್ಯನೆಂದು ಕಂಡದ್ದು ಒಂದೇ ಕಡೆ. ಅಂಕೋಲೆಯ ಬಂಡಿಹಬ್ಬಕ್ಕೆ ಮಗುವನ್ನು ಕರೆದೊಯ್ಯಿರಿ, ಶಾಂತಾದುರ್ಗೆಯ ಮುಂದೆ ಕೈ ಮುಗಿಸಿರಿ. ಊರಿನೊಂದಿಗೆ ಬೆರೆಯುವುದೇ ಅದಕ್ಕೆ ಹಿತ. ‘ನಿನ್ನ ದೆಸೆಯಿಂದ ಇಷ್ಟೆಲ್ಲ’ ಎಂಬ ಭಾರವನ್ನು ಮಾತ್ರ ಅದರ ತಲೆಗೆ ಕಟ್ಟಿ ಕರೆದೊಯ್ಯಬೇಡಿ.

ಕೊನೆಯ ಆಕ್ಷೇಪ ವಿದ್ಯಾವಂತರದು: ಮಾತಾಡಿ ಮಾತಾಡಿ ಸಹಜ ದುಃಖವನ್ನೂ ರೋಗ ಮಾಡುತ್ತೀರಿ. ಇದರಲ್ಲಿ ಸತ್ಯಾಂಶವಿದೆ. ಬ್ರಿಟನ್ನಿನ 85 ಶಾಲೆಗಳಲ್ಲಿ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, ಇಡೀ ತರಗತಿಗಳಿಗೆ ಧ್ಯಾನಪಾಠ ಹೇಳಿಕೊಟ್ಟು ನೋಡಿದ ಪ್ರಯೋಗದಿಂದ ಹೆಚ್ಚಿನ ಲಾಭ ಕಾಣಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಎಲ್ಲರಿಗೂ ಒಂದೇ ಕಷಾಯ ಕುಡಿಸಿದರೆ ಹಾಗೆಯೇ. ಕಾರವಾರದ ಪಕ್ಕದ ಗೋವಾದಲ್ಲಿ ಹುಟ್ಟಿದ ಸಂಗಾತ್ ಸಂಸ್ಥೆ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಬೇರೆ ದಾರಿ ಹಿಡಿಯಿತು. ತೊಂದರೆಯಲ್ಲಿದ್ದ 251 ಮಕ್ಕಳಲ್ಲಿ ಅರ್ಧದಷ್ಟು ಮಂದಿಯೊಡನೆ, ಡಾಕ್ಟರರಲ್ಲದ ತರಬೇತಾದ ಸಲಹೆಗಾರರು ಮೂರು ವಾರಗಳಲ್ಲಿ ನಾಲ್ಕೈದು ಸಲ ಕೂತು, ಮಗುವೇ ಹೆಸರಿಸಿದ ಸಮಸ್ಯೆಯನ್ನು ಬಿಡಿಸಲು ನೆರವಾದರು. ಉಳಿದವರಿಗೆ ಪುಸ್ತಿಕೆ ಮಾತ್ರ ಸಿಕ್ಕಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರೋಗಲಕ್ಷಣಗಳು ಆರು ವಾರದಲ್ಲಿ ಗಮನಾರ್ಹವಾಗಿ ಬದಲಾಗಿರಲಿಲ್ಲ, ಆದರೆ ಮಕ್ಕಳನ್ನು ಕಾಡುತ್ತಿದ್ದ ಸಮಸ್ಯೆಗಳ ಭಾರ ಇಳಿದಿತ್ತು. ಲಾಭ ಸಾಧಾರಣವೇ. ಆದರೂ ರೋಗದ ಹೆಸರಿಡದೆ, ಔಷಧಿ ಕೊಡದೆ ಸಿಕ್ಕ ಲಾಭ ಅದು, ಕಲಿತ ಅಕ್ಕನೊಬ್ಬಳು, ಮೇಷ್ಟರೊಬ್ಬರು ಮಾಡಬಹುದಾದದ್ದು.

ಆದ್ದರಿಂದ ಬೊಬ್ರುವಾಡದ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೆ: ದೇವರಲ್ಲಿ ಪ್ರಸಾದ ಕೇಳುವ ಮೊದಲು ಮಗುವನ್ನು ಕೇಳಿ, ಅದು ಹೇಳಿ ಮುಗಿಸುವ ತನಕ ಉತ್ತರ ಕೊಡಬೇಡಿ. ಎರಡು ವಾರ ಕಳೆದರೂ ಊಟ, ನಿದ್ದೆ, ಶಾಲೆ ದಾರಿಗೆ ಬಾರದಿದ್ದರೆ, ಅಥವಾ ಸಾಯುವ ಮಾತು ಒಂದೇ ಒಂದು ಸಲ ಬಾಯಿಗೆ ಬಂದರೂ, ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗೂ, ದುಡ್ಡಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು.