ಪರತಂತ್ರವೂ ಸತ್ಯ: ಮಧ್ವರ ವಿಭಾಗ ಮತ್ತು ತಂತ್ರಾಂಶದ ರಚನೆ

ಮಧ್ವಾಚಾರ್ಯರ ‘ತತ್ತ್ವಸಂಖ್ಯಾನ’ ಕೆಲವೇ ಶ್ಲೋಕಗಳ ಪುಟ್ಟ ಕೃತಿ. ಆದರೂ ಇರುವುದೆಲ್ಲವನ್ನೂ ಮೊದಲ ಹೆಜ್ಜೆಯಲ್ಲಿಯೇ ಎರಡಾಗಿ ವಿಂಗಡಿಸಿ, ಒಂದನ್ನು ಸ್ವತಂತ್ರವೆಂದೂ ಇನ್ನೊಂದನ್ನು ಅಸ್ವತಂತ್ರ, ಅಂದರೆ ಪರತಂತ್ರವೆಂದೂ ಅದು ಕರೆಯುತ್ತದೆ. ಸ್ವತಂತ್ರನು ವಿಷ್ಣು ಒಬ್ಬನೇ. ಜೀವ, ಜಡ, ಕಾಲ, ಕೊನೆಗೆ ವೇದವೂ ಪರತಂತ್ರದ ಪಟ್ಟಿಗೆ ಸೇರುತ್ತವೆ. ಈ ಕೃತಿಗೆ ಟೀಕೆ ಬರೆದವರು ಜಯತೀರ್ಥರು. ಪರಂಪರೆಯು ಅವರನ್ನು ವಿಜಯಪುರದ ನೆರೆಯ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯವರೆಂದು ಹೇಳುತ್ತದೆ. ಸ್ವಾತಂತ್ರ್ಯವೆಂಬುದು ಯಾವ ವಿಷಯದಲ್ಲಿ ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಮೂರಾಗಿ ಬಿಡಿಸುತ್ತಾರೆ: ಸ್ವರೂಪ, ಅಂದರೆ ವಸ್ತುವಿನ ಇರುವಿಕೆ; ಪ್ರಮಿತಿ, ಅಂದರೆ ಅದು ಅರಿವಿಗೆ ಬರುವುದು; ಪ್ರವೃತ್ತಿ, ಅಂದರೆ ಅದು ಕೆಲಸದಲ್ಲಿ ತೊಡಗುವುದು. ಈ ಮೂರರಲ್ಲಿಯೂ ಇನ್ನೊಂದನ್ನು ನೆಚ್ಚದಿರುವುದು ಸ್ವತಂತ್ರ, ನೆಚ್ಚಿರುವುದು ಪರತಂತ್ರ. ಹೀಗೆ ಇರಲು, ಗೊತ್ತಾಗಲು, ದುಡಿಯಲು ಮತ್ತೊಂದರ ಆಸರೆ ಬೇಕಾದ ವಸ್ತುವು ಅಷ್ಟರಿಂದಲೇ ಕಡಿಮೆ ಸತ್ಯವಾದದ್ದೇ ಎಂಬುದು ಇಲ್ಲಿಂದ ಹುಟ್ಟುವ ಪ್ರಶ್ನೆ. ಮಧ್ವರ ಉತ್ತರ ಅಲ್ಲವೆಂದೇ ಆಗಿದೆ: ಪರತಂತ್ರವು ಮಿಥ್ಯೆಯಲ್ಲ, ಅದಕ್ಕೆ ತನ್ನದೇ ಆದ ಗುಣವಿದೆ, ಭೇದವಿದೆ, ಕೆಲಸವಿದೆ.

ಏಳು ಶತಮಾನಗಳ ಹಿಂದಿನ ಈ ಪ್ರಶ್ನೆಯನ್ನು ಇಂದು, ಹಾಗೆಂದು ಅರಿಯದೆಯೇ, ದಿನವೂ ಎದುರಿಸುತ್ತಿರುವವರು ತಂತ್ರಾಂಶ ಬರೆಯುವವರು. ದೊಡ್ಡ ತಂತ್ರಾಂಶವೊಂದು ‘ಆಬ್ಜೆಕ್ಟ್’ಗಳೆಂಬ ಸಣ್ಣ ಸಣ್ಣ ಘಟಕಗಳಿಂದ ಕೂಡಿರುತ್ತದೆ, ಒಂದೊಂದು ಘಟಕವೂ ತನಗೆ ಒಪ್ಪಿಸಿದ ಕೆಲಸವನ್ನು ಮಾಡಲು ಬೇರೆ ಘಟಕಗಳ ನೆರವನ್ನು ಬೇಡುತ್ತದೆ, ಮತ್ತು ಆ ನೆರವಿಗೆ ‘ಡಿಪೆಂಡೆನ್ಸಿ’, ಅಂದರೆ ಅವಲಂಬನೆ ಎಂದು ಹೆಸರು. ದ್ರಾಕ್ಷಿ ಬೆಳೆಯುವ ತಿಕೋಟಾ ಸೀಮೆಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ರೈತರು ಇರಿಸಿದ ಒಣದ್ರಾಕ್ಷಿಗೆ ಬಾಡಿಗೆ ಲೆಕ್ಕ ಹಾಕುವ ಘಟಕವೊಂದನ್ನು ಕಲ್ಪಿಸಿಕೊಳ್ಳಬಹುದು. ಮಾಲು ಬಂದ ದಿನದಿಂದ ಇಂದಿನವರೆಗೆ ಎಷ್ಟು ದಿನವಾಯಿತೆಂದು ತಿಳಿಯಲು ಅದಕ್ಕೆ ಗಡಿಯಾರ ಬೇಕು; ತಿಂಗಳ ದರ ತಿಳಿಯಲು ದರಪಟ್ಟಿ ಬೇಕು; ಲೆಕ್ಕವನ್ನು ರೈತನ ಮೊಬೈಲಿಗೆ ಮುಟ್ಟಿಸಲು ಸಂದೇಶ ಕಳಿಸುವ ಘಟಕ ಬೇಕು. ಹೊಸದಾಗಿ ಕಲಿತವರು ಇವು ಮೂರನ್ನೂ ಬಾಡಿಗೆ ಘಟಕದ ಒಳಗೇ, ‘ನ್ಯೂ’ ಎಂಬ ಆಜ್ಞೆಯಿಂದ, ಬೇಕಾದಾಗ ಬೇಕಾದಲ್ಲಿ ಸೃಷ್ಟಿಸಿಬಿಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಆ ಘಟಕ ಯಾರ ಹಂಗೂ ಇಲ್ಲದ ಸ್ವಾವಲಂಬಿಯಂತೆ ಕಾಣುತ್ತದೆ.

ಆ ಸ್ವಾವಲಂಬನೆ ತೋರಿಕೆಯದು ಎಂಬುದು ಬದಲಾವಣೆ ಬಂದಾಗ ಬಯಲಾಗುತ್ತದೆ. ಸಂದೇಶ ಕಳಿಸುವ ಕಂಪನಿ ಬದಲಾದರೆ ಬಾಡಿಗೆಯ ಲೆಕ್ಕಕ್ಕೆ ಸಂಬಂಧವೇ ಇಲ್ಲದಿದ್ದರೂ ಬಾಡಿಗೆಯ ಘಟಕವನ್ನೇ ಬಿಚ್ಚಿ ತಿದ್ದಬೇಕಾಗುತ್ತದೆ. ಮಾರ್ಚ್ 31ರ ರಾತ್ರಿ ದರ ಬದಲಾಗುವಾಗ ಲೆಕ್ಕ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಲು ಆ ರಾತ್ರಿಯವರೆಗೆ ಕಾಯಬೇಕಾಗುತ್ತದೆ, ಏಕೆಂದರೆ ಘಟಕವು ನೋಡುವುದು ಯಂತ್ರದ ಗಡಿಯಾರವನ್ನೇ, ಬೇರೆ ಗಡಿಯಾರವನ್ನು ಕೊಡಲು ಅಲ್ಲಿ ದಾರಿಯೇ ಇಲ್ಲ. ‘ಡಿಪೆಂಡೆನ್ಸಿ ಇಂಜೆಕ್ಷನ್’ ಎಂಬ ವಿಧಾನವು ಇದನ್ನು ತಿರುವುಹಾಕುತ್ತದೆ. ಘಟಕವು ತನಗೆ ಬೇಕಾದದ್ದನ್ನು ತಾನು ಸೃಷ್ಟಿಸುವುದಿಲ್ಲ. ತಾನು ಹುಟ್ಟುವ ಬಾಗಿಲಾದ ‘ಕನ್‌ಸ್ಟ್ರಕ್ಟರ್’ನಲ್ಲಿಯೇ ತನಗೆ ಗಡಿಯಾರ, ದರಪಟ್ಟಿ, ಸಂದೇಶವಾಹಕ ಬೇಕೆಂದು ಸಾರುತ್ತದೆ, ಮತ್ತು ಹೊರಗಿನವರು ಕೊಟ್ಟದ್ದನ್ನು ಸ್ವೀಕರಿಸುತ್ತದೆ. ಇಂಥದೇ ಗಡಿಯಾರ ಎಂದು ಹಟ ಹಿಡಿಯದೆ, ಸಮಯ ಹೇಳಬಲ್ಲ ಯಾವುದಾದರೂ ಆದೀತೆಂಬ ಕರಾರನ್ನಷ್ಟೇ ಮುಂದಿಡುತ್ತದೆ. ಈ ಕರಾರಿಗೆ ‘ಇಂಟರ್‌ಫೇಸ್’ ಎಂದು ಹೆಸರು. ಆಗ ಪರೀಕ್ಷೆಗೆ ಕುಳಿತವರು ಸದಾ ಮಾರ್ಚ್ 31 ಎಂದೇ ಹೇಳುವ ಹುಸಿ ಗಡಿಯಾರವನ್ನು ಕೊಟ್ಟು, ಜೂನ್ ತಿಂಗಳ ಮಧ್ಯಾಹ್ನದಲ್ಲಿಯೇ ಲೆಕ್ಕವನ್ನು ಒರೆಗೆ ಹಚ್ಚಬಹುದು.

ಜಯತೀರ್ಥರ ಮೂರು ಮುಖಗಳೂ ಇಲ್ಲಿ ಒಂದೊಂದಾಗಿ ಕಾಣಸಿಗುತ್ತವೆ. ಘಟಕ ಹುಟ್ಟಬೇಕಾದರೆ ಕೇಳಿದ್ದು ಕೈಗೆ ಬರಲೇಬೇಕು, ಅದು ಸ್ವರೂಪದ ಪಾರತಂತ್ರ್ಯ. ಹುಟ್ಟಿದ ಮೇಲೆ ದುಡಿಯಲು ಅವುಗಳ ನೆರವು ಬೇಕು, ಅದು ಪ್ರವೃತ್ತಿಯದು. ಅದು ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಆಸರೆಗಳನ್ನು ಬದಲಿಸಿ ನೋಡುವ ಅವಕಾಶ ಬೇಕು, ಅದು ಪ್ರಮಿತಿಯದು. ಮೊದಲಿನ ಎರಡನ್ನು ಎಲ್ಲರೂ ಬಲ್ಲರು. ಮೂರನೆಯದೇ ಕಲಿಯುವವರ ಕಣ್ಣಿಗೆ ತಡವಾಗಿ ಬೀಳುವುದು, ಆದರೆ ವರ್ಷಗಟ್ಟಲೆ ಬಾಳಬೇಕಾದ ತಂತ್ರಾಂಶದಲ್ಲಿ ಹೆಚ್ಚು ಬೆಲೆಯುಳ್ಳದ್ದೂ ಅದೇ.

ಈ ವಿಧಾನದ ಚರಿತ್ರೆ ದೀರ್ಘವಲ್ಲ. ಬದಲಾಗಬಹುದಾದ ನಿರ್ಧಾರಗಳನ್ನು ಒಂದೊಂದು ಘಟಕದೊಳಗೆ ಮರೆಮಾಡಬೇಕೆಂದು ಡೇವಿಡ್ ಪಾರ್ನಸ್ 1972ರಲ್ಲಿ ವಾದಿಸಿದ್ದರು. ಮೇಲ್ಮಟ್ಟದ ನೀತಿಯು ಕೆಳಮಟ್ಟದ ವಿವರವನ್ನು ಅವಲಂಬಿಸಬಾರದು, ಎರಡೂ ಕರಾರನ್ನು ಅವಲಂಬಿಸಬೇಕೆಂಬ ಸೂತ್ರವನ್ನು ರಾಬರ್ಟ್ ಮಾರ್ಟಿನ್ 1990ರ ದಶಕದಲ್ಲಿ ಬರೆದರು. ‘ಡಿಪೆಂಡೆನ್ಸಿ ಇಂಜೆಕ್ಷನ್’ ಎಂಬ ಹೆಸರು 2004ರ ಜನವರಿಯಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ನೆಲೆಯೂರಿತು. ಅದೇ ವರ್ಷ ಹೊರಬಂದ ‘ಸ್ಪ್ರಿಂಗ್’ ಎಂಬ ತಂತ್ರಾಂಶ ಚೌಕಟ್ಟಿನ 1.0 ಆವೃತ್ತಿಯು, ಘಟಕಗಳಿಗೆ ಬೇಕಾದದ್ದನ್ನು ಒದಗಿಸುವ ಈ ಹಂಚಿಕೆಯನ್ನು ‘ಕಂಟೇನರ್’ ಎಂಬ ಯಂತ್ರಕ್ಕೇ ಒಪ್ಪಿಸಿತು.

ಅವಲಂಬನೆಯನ್ನು ಸಾರುವುದಕ್ಕೂ ಬಚ್ಚಿಡುವುದಕ್ಕೂ ಇರುವ ಅಂತರವನ್ನು ವಿಜಯಪುರದ ನೀರಿನ ಚರಿತ್ರೆಯಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ವಿರಳ. ಆದಿಲ್ ಶಾಹಿಗಳ ಕಾಲದ ನಗರಕ್ಕೆ ಪಶ್ಚಿಮದ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ಬರುತ್ತಿತ್ತು. 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದ ದಕ್ಷಿಣದ ಬೇಗಂ ತಲಾಬ್‌ನಿಂದ ನೀರು ಮಣ್ಣಿನ ಕೊಳವೆಗಳಲ್ಲಿ ಹರಿಯುತ್ತಿತ್ತು. ದಾರಿಯುದ್ದಕ್ಕೂ ‘ಗಂಜ್’ ಎಂದು ಕರೆಯುವ ಕಲ್ಲುಗಾರೆಯ ಗೋಪುರಗಳು ನಿಂತಿದ್ದವು. ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರದ ಆ ಗೋಪುರಗಳು ಕೊಳವೆ ಒಡೆಯದಂತೆ ಒತ್ತಡವನ್ನು ತಗ್ಗಿಸುತ್ತಿದ್ದವು, ಹೂಳನ್ನು ತಳದಲ್ಲಿ ತಡೆಯುತ್ತಿದ್ದವು. ನೀರು ಪಡೆಯುವ ಮನೆಗೆ ಸೆಲೆ ಎಲ್ಲಿಯದೆಂದು ತಿಳಿದಿರಬೇಕಾಗಿರಲಿಲ್ಲ, ಆದರೆ ತಾನು ಪಡೆಯುವ ಮನೆ ಎಂಬುದು ಕಣ್ಣಿಗೆ ಕಾಣುವಂತಿತ್ತು. ತೊಂದರೆ ಎಲ್ಲಿಯದೆಂದು ಹುಡುಕಲು ನಡುವೆ ತೆರೆದು ನೋಡುವ ಜಾಗಗಳೂ ಇದ್ದವು.

ಇದಕ್ಕೆ ಎದುರಾಗಿ, ಮಳೆ ಕಡಿಮೆಯಾದ ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಕಳೆದ ದಶಕಗಳಲ್ಲಿ ಬಂದದ್ದು ಕೊಳವೆಬಾವಿ. ತನ್ನ ಹೊಲ, ತನ್ನ ಬೋರ್, ತನ್ನ ಮೋಟರ್ ಎಂಬ ಈ ಏರ್ಪಾಡು ಸ್ವಾತಂತ್ರ್ಯದ ಮೂರ್ತಿಯಂತೆಯೇ ಕಾಣುತ್ತದೆ; ಆದರೆ ನೆಲದಡಿಯ ನೀರು ಒಂದೇ ಆಗಿರುವುದರಿಂದ, ಪಕ್ಕದ ಹೊಲದವರು ಇನ್ನೂ ಆಳಕ್ಕೆ ಕೊರೆಸಿದ ದಿನ ಈ ಬಾವಿ ಬತ್ತುತ್ತದೆ, ಮತ್ತು ದ್ರಾಕ್ಷಿ ಪಡವನ್ನು ಉಳಿಸಿಕೊಳ್ಳಲು ಟ್ಯಾಂಕರ್ ತರಿಸಬೇಕಾಗುತ್ತದೆ. ಇಲ್ಲಿ ಅವಲಂಬನೆ ಇಲ್ಲವೆಂದಲ್ಲ, ಅದು ಎಲ್ಲಿಯೂ ಬರೆದಿಲ್ಲ ಅಷ್ಟೇ. ಎಲ್ಲ ಘಟಕಗಳೂ ಗುಟ್ಟಾಗಿ ಮುಟ್ಟುವ ಸಾಮಾನ್ಯ ಸ್ಥಿತಿಯನ್ನು ತಂತ್ರಾಂಶದವರು ‘ಗ್ಲೋಬಲ್ ಸ್ಟೇಟ್’ ಎನ್ನುತ್ತಾರೆ. ಒಂದು ಘಟಕದಲ್ಲಿ ತಿದ್ದಿದರೆ ಸಂಬಂಧವೇ ಇಲ್ಲವೆಂದುಕೊಂಡ ಇನ್ನೊಂದು ಕೆಡುವುದು ಇದರಿಂದಲೇ. ಕೃಷ್ಣೆಯ ನೀರನ್ನು ಮೇಲೆತ್ತಿ ತರುವ ತುಬಚಿ-ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳು, ಕೆರೆ ತುಂಬಿಸುವ ಯೋಜನೆಗಳು ಆ ಅವಲಂಬನೆಯನ್ನು ಮತ್ತೆ ಬಯಲಿಗೆ ತಂದಿವೆ: ನೀರು ಎಲ್ಲಿಂದ, ಯಾರ ಪಾಳಿಯಲ್ಲಿ, ಯಾವ ವಿದ್ಯುತ್ತಿನಿಂದ ಬರುತ್ತದೆಂಬುದು ಈಗ ಎಲ್ಲರೂ ಕೇಳಬಹುದಾದ ಪ್ರಶ್ನೆಯಾಗಿದೆ. ಇದರಲ್ಲಿ ತೊಡಕುಗಳಿಲ್ಲವೆಂದಲ್ಲ, ಪಂಪು ನಿಂತರೆ ಕೆಳಗಿನವರೆಲ್ಲರಿಗೂ ಒಮ್ಮೆಗೇ ಬಿಸಿ ತಟ್ಟುತ್ತದೆ. ತಂತ್ರಾಂಶದಲ್ಲಿಯೂ ಹಾಗೆಯೇ, ಹೊರಗಿನಿಂದ ಪಡೆಯುವ ವಿಧಾನದಲ್ಲಿ ಓದುಗನು ಒಂದು ಸಾಲಿನ ಜಾಡು ಹಿಡಿಯಲು ನಾಲ್ಕು ಕಡತಗಳನ್ನು ತೆರೆಯಬೇಕಾಗುತ್ತದೆ, ಮತ್ತು ಹತ್ತು ಸಾಲಿನ ಕೆಲಸಕ್ಕೆ ಇದನ್ನು ಹೊಂದಿಸುವುದು ಶುದ್ಧ ಆಡಂಬರ.

ಪರತಂತ್ರದ ಸತ್ಯತೆಯ ಬಗ್ಗೆ ಮಧ್ವರಿಗಿಂತ ಹಿಂದೆಯೇ ಬೇರೊಂದು ತೀರ್ಮಾನಕ್ಕೆ ಬಂದವನು ಬೌದ್ಧಾಚಾರ್ಯ ನಾಗಾರ್ಜುನ. ಒಂದನ್ನೊಂದು ಆಶ್ರಯಿಸಿ ಹುಟ್ಟಿದ್ದಕ್ಕೆ ಸ್ವಂತ ಸ್ವಭಾವವಿಲ್ಲ, ಆದ್ದರಿಂದ ಅದು ಶೂನ್ಯ ಎಂಬುದು ಅವನ ವಾದ. ಶೂನ್ಯವೆಂದರೆ ಇಲ್ಲದ್ದು ಎಂದಲ್ಲ, ಸ್ವಂತ ತಿರುಳಿಲ್ಲದ್ದು ಎಂದು. ಬಾಡಿಗೆಯ ಘಟಕದಿಂದ ಗಡಿಯಾರ, ದರಪಟ್ಟಿ, ಸಂದೇಶವಾಹಕ ಮೂರನ್ನೂ ಹೊರಗಿಟ್ಟ ಮೇಲೆ ಉಳಿಯುವುದೇನು ಎಂದು ಈ ವಾದವನ್ನು ಅನುಸರಿಸಿ ಕೇಳಬಹುದು. ಉಳಿಯುವುದು ಬಾಡಿಗೆಯ ನಿಯಮ: ಅರ್ಧ ತಿಂಗಳನ್ನು ಹೇಗೆ ಎಣಿಸಬೇಕು, ಯಾವ ಮಾಲಿಗೆ ಯಾವ ದರ ಹೊಂದುತ್ತದೆ ಎಂಬ ವಿವೇಚನೆ. ಅದನ್ನು ಬೇರೆ ಯಾವ ಘಟಕವೂ ಮಾಡದು. ಆಸರೆಗಳನ್ನೆಲ್ಲ ಹೊರಗಿನಿಂದ ತಂದಾಗಲೇ ಘಟಕದ ಸ್ವಂತ ಕೆಲಸ ಯಾವುದೆಂಬುದು ಸ್ಪಷ್ಟವಾಗುವುದರಿಂದ, ಈ ಒಂದು ವಿಷಯದಲ್ಲಿ ತಂತ್ರಾಂಶದ ಅನುಭವವು ಮಧ್ವರ ಕಡೆಗೇ ವಾಲುತ್ತದೆ ಎನ್ನಬೇಕು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದವು ಜೀವನನ್ನು ಕರ್ತೃವೆಂದು ಒಪ್ಪಿ, ಅನಂತರ ಆ ಕರ್ತೃತ್ವವು ಪರನಿಂದ ಬಂದದ್ದೆಂದು ಹೇಳುತ್ತದೆ. ದ್ವೈತಿಗಳು ಇದನ್ನು ಪರಾಧೀನ ಕರ್ತೃತ್ವವೆನ್ನುತ್ತಾರೆ. ಕೊಡಿಸಿಕೊಂಡ ಕರ್ತೃತ್ವವೂ ಕರ್ತೃತ್ವವೇ.

ಅವಲಂಬನೆಗಳನ್ನು ಬಾಗಿಲಲ್ಲಿಯೇ ಬರೆದಿಟ್ಟಾಗ ಇನ್ನೊಂದು ಸಂಗತಿಯೂ ತಾನಾಗಿ ಹೊರಬೀಳುತ್ತದೆ: ಬೇಡಿಕೆಗಳ ಸಂಖ್ಯೆ. ಕನ್‌ಸ್ಟ್ರಕ್ಟರ್‌ನಲ್ಲಿ ಎಂಟು ಹತ್ತು ಆಸರೆಗಳನ್ನು ಕೇಳುವ ಘಟಕವು ಒಂದಕ್ಕಿಂತ ಹೆಚ್ಚು ಕೆಲಸಗಳನ್ನು ಮೈಮೇಲೆ ಹೇರಿಕೊಂಡಿದೆ ಎಂದೇ ಅರ್ಥ. ಅವು ಒಳಗೆ ಅಡಗಿದ್ದಾಗ ಇದು ಯಾರಿಗೂ ಕಾಣುತ್ತಿರಲಿಲ್ಲ. ಅಪೇಕ್ಷೆಯನ್ನು ಒಪ್ಪಿಕೊಳ್ಳುವುದು ಒಂದು, ಅಪೇಕ್ಷೆಯನ್ನೇ ಕಡಿಮೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಈ ಸೀಮೆ ಬಲ್ಲ ಹೆಸರು ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿ, 2023ರ ಜನವರಿ 2ರಂದು ದೇಹಬಿಟ್ಟ ಸಿದ್ಧೇಶ್ವರ ಸ್ವಾಮಿಗಳದು. ಅವರು ತೊಡುತ್ತಿದ್ದ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ಅವರು ವಿನಯದಿಂದ ಮರಳಿಸಿದರು. ತಮ್ಮ ದೇಹವನ್ನು ಅಗ್ನಿಗೆ ಒಪ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲಿಯೇ ಬರೆದಿಟ್ಟಿದ್ದರು. ಅವರು ದ್ವೈತಿಗಳಾಗಿರಲಿಲ್ಲವಾದ್ದರಿಂದ ಈ ನಿದರ್ಶನವನ್ನು ಮಧ್ವರ ವಾದಕ್ಕೆ ಸಾಕ್ಷಿಯಾಗಿ ಬಳಸಲಾಗದು. ಕನ್‌ಸ್ಟ್ರಕ್ಟರ್‌ನ ಉದ್ದನೆಯ ಪಟ್ಟಿಯನ್ನು ಕಂಡು, ಅದನ್ನು ಕಂಟೇನರ್‌ನ ಹಿಂದೆ ಅಡಗಿಸುವ ಬದಲು ಘಟಕವನ್ನೇ ಒಡೆದು ಹಗುರಗೊಳಿಸುವವರ ಶಿಸ್ತು ಈ ಜಾತಿಯದು ಎಂದಷ್ಟೇ ಹೇಳಬಹುದು.

ತರ್ಕಶಾಸ್ತ್ರವು ಅವಲಂಬನೆಯ ದೋಷಗಳನ್ನು ಬಹಳ ಹಿಂದೆಯೇ ಹೆಸರಿಸಿದೆ. ತನ್ನನ್ನು ತಾನೇ ನೆಚ್ಚುವುದು ಆತ್ಮಾಶ್ರಯ. ಎರಡು ಒಂದನ್ನೊಂದು ನೆಚ್ಚುವುದು ಅನ್ಯೋನ್ಯಾಶ್ರಯ. ಮೂರು ಅಥವಾ ಹೆಚ್ಚಿನವು ಸುತ್ತುಬಳಸಿ ಮೊದಲಿಗೇ ಮರಳುವುದು ಚಕ್ರಕ. ಕೊನೆಯೇ ಇಲ್ಲದೆ ಹಿಂದೆ ಸರಿಯುವುದು ಅನವಸ್ಥೆ. ಕನ್‌ಸ್ಟ್ರಕ್ಟರ್ ಮೂಲಕ ಒಂದನ್ನೊಂದು ಕೇಳುವ ಎರಡು ಘಟಕಗಳಲ್ಲಿ ಯಾವುದನ್ನೂ ಮೊದಲು ಹುಟ್ಟಿಸಲಾಗದೆ ಕಂಟೇನರ್ ಕೈಚೆಲ್ಲುತ್ತದೆ. 2021ರಲ್ಲಿ ಬಂದ ಸ್ಪ್ರಿಂಗ್ ಬೂಟ್ 2.6 ಆವೃತ್ತಿಯಂತೂ ಇಂಥ ಸುತ್ತುಗಳನ್ನು ಸಹಜ ಸ್ಥಿತಿಯಲ್ಲಿ ನಿಷೇಧಿಸಿಯೇಬಿಟ್ಟಿತು. ವಿಜಯಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಾಗಲಿ ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಾಗಲಿ ಈ ವಿಷಯವನ್ನು ಕಲಿಸುವವರು ಕಂಟೇನರ್‌ನ ಸಂಕೇತಗಳಿಂದ ಆರಂಭಿಸುವ ಬದಲು ಈ ನಾಲ್ಕು ದೋಷಗಳಿಂದ ಆರಂಭಿಸಿ, ಹಂಚಿಕೆಯನ್ನು ಮೊದಲು ಕೈಯಿಂದಲೇ ಬರೆಸಿದರೆ, ಯಂತ್ರ ಏಕೆ ಸಿಟ್ಟಾಗುತ್ತದೆಂಬುದು ಬೇಗ ತಿಳಿದೀತು.

ನಾಲ್ಕನೆಯ ದೋಷವೇ ಕಠಿಣವಾದದ್ದು. ಪ್ರತಿ ಘಟಕಕ್ಕೂ ಬೇಕಾದದ್ದನ್ನು ಹೊರಗಿನವರು ಕೊಡುವುದಾದರೆ ಆ ಹೊರಗಿನವರಿಗೆ ಕೊಡುವವರು ಯಾರು? ತಂತ್ರಾಂಶದಲ್ಲಿ ಇದು ಕಾರ್ಯಾರಂಭದ ಒಂದು ಜಾಗದಲ್ಲಿ ನಿಲ್ಲುತ್ತದೆ. ಎಲ್ಲ ಘಟಕಗಳನ್ನೂ ಹುಟ್ಟಿಸಿ, ಒಂದಕ್ಕೊಂದು ಜೋಡಿಸುವ ಆ ಜಾಗವನ್ನು ‘ಕಾಂಪೋಸಿಷನ್ ರೂಟ್’, ಜೋಡಣೆಯ ಮೂಲ ಎನ್ನುತ್ತಾರೆ. ಎಲ್ಲಕ್ಕೂ ಕೊಡುವ, ಎಲ್ಲದರ ಹುಟ್ಟಿಗೂ ಕಾರಣವಾದ ಈ ಮೂಲವನ್ನು ಮಧ್ವರ ಸ್ವತಂತ್ರ ತತ್ತ್ವದ ಪಡಿಯಚ್ಚೆಂದು ಕಾಣುವ ಆಸೆ ಯಾರಿಗಾದರೂ ಆದೀತು, ಆದರೆ ಅದು ನಿಲ್ಲದು. ಜೋಡಣೆಯ ಮೂಲಕ್ಕೆ ಪ್ರತಿಯೊಂದು ಘಟಕದ ನಿಜ ಹೆಸರೂ ಗೊತ್ತಿರಬೇಕು. ಸಂದೇಶ ಕಳಿಸುವ ಕಂಪನಿ ಬದಲಾದಾಗ ಬಾಡಿಗೆಯ ಘಟಕ ನಿಶ್ಚಿಂತವಾಗಿದ್ದರೂ ಮೂಲವನ್ನು ತಿದ್ದಲೇಬೇಕು. ಇಡೀ ತಂತ್ರಾಂಶದಲ್ಲಿ ಹೆಚ್ಚು ಅವಲಂಬನೆಗಳಿರುವುದು ಅದಕ್ಕೇ. ಕೊಡುವುದೇ ಹೆಚ್ಚು ಪರತಂತ್ರವಾಗಿರುವ ಈ ವ್ಯವಸ್ಥೆಯು, ಎಲ್ಲವನ್ನೂ ಕೊಟ್ಟು ಯಾವುದನ್ನೂ ನೆಚ್ಚದ ಹರಿಯ ಕಲ್ಪನೆಗೆ ತದ್ವಿರುದ್ಧವಾದದ್ದು. ಪರತಂತ್ರವೆಂದರೇನು ಎಂಬುದನ್ನು ತಂತ್ರಾಂಶ ಚೆನ್ನಾಗಿ ಕಲಿಸಬಲ್ಲದು, ಸ್ವತಂತ್ರದ ಬಗ್ಗೆ ಹೇಳಲು ಅದರ ಬಳಿ ಏನೂ ಇಲ್ಲ.

ಮೂಲದಾಚೆಗೂ ಸರಣಿ ಮುಂದುವರಿಯುತ್ತದೆ: ಆಪರೇಟಿಂಗ್ ಸಿಸ್ಟಂ, ಯಂತ್ರ, ವಿದ್ಯುತ್ತು, ಆ ವಿದ್ಯುತ್ತನ್ನು ಹುಟ್ಟಿಸುವ ನೀರು ಅಥವಾ ಕಲ್ಲಿದ್ದಲು. ತಾರ್ಕಿಕರು ಅನವಸ್ಥೆಯಲ್ಲಿಯೂ ಎರಡು ಬಗೆಯನ್ನು ಕಂಡಿದ್ದಾರೆ. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ ಎಂಬಂತೆ ಪ್ರಮಾಣಸಿದ್ಧವಾದ ಅನಾದಿ ಸರಣಿಯು ದೋಷವಲ್ಲ, ವಸ್ತುವಿನ ಸಿದ್ಧಿಯನ್ನೇ ತಡೆಯುವ ಸರಣಿಯು ದೋಷ. ತಂತ್ರಾಂಶದ ಹೊರಗಿನ ಸರಣಿ ಮೊದಲ ಬಗೆಯದು, ಅದನ್ನು ಬರೆಯುವವರು ಮುಗಿಸಬೇಕಾಗಿಲ್ಲ. ಒಳಗಿನದು ಎರಡನೆಯ ಬಗೆಯದಾಗುವುದರಿಂದ ಅದನ್ನು ಜೋಡಣೆಯ ಮೂಲದಲ್ಲಿ ನಿಲ್ಲಿಸಲೇಬೇಕು, ಇಲ್ಲವಾದರೆ ಮೊದಲ ಘಟಕವೇ ಹುಟ್ಟುವುದಿಲ್ಲ.