ಆಲ್ಬಮ್ಮಿನಲ್ಲಿ ಯಾರಿರಬೇಕು?

ಮನೆಯ ಹಳೆಯ ಫೋಟೋಗಳನ್ನು ಹಾಳಾಗದಂತೆ ಆಲ್ಬಮ್ಮಿನಲ್ಲಿ ಇಡುವುದಕ್ಕೆ ಸುಲಭದ ದಾರಿ ಯಾವುದು? ಯಾರಾದರೂ ಕೇಳಿದರೆ ಹತ್ತು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಬಹುದು. ಎರಡು ಭಾನುವಾರ, ಒಂದು ಮೊಬೈಲು, ಒಳ್ಳೆಯ ಕಾಗದದ ಒಂದು ಆಲ್ಬಮ್ಮು ಇದ್ದರೆ ಕೆಲಸ ಆಗುತ್ತದೆ. ಇಷ್ಟು ಸುಲಭವೆಂದೇ ಇರಬೇಕು, ಈ ಕೆಲಸ ಸಾಮಾನ್ಯವಾಗಿ ಮನೆಯಲ್ಲಿ ಇನ್ನೂ ಓದುತ್ತಲೇ ಇರುವವರ ಪಾಲಿಗೆ ಬರುತ್ತದೆ. ಪಿಎಚ್‌ಡಿ ಮಾಡುವವರಿಗೆ ಪುರುಸೊತ್ತು ಬೇಕಾದಷ್ಟಿರುತ್ತದೆ ಎಂದು ನಂಟರೆಲ್ಲ ನಂಬಿರುವುದರಿಂದ, ಹೋದ ವರ್ಷ ಮಲೆನಾಡಿನ ಅಜ್ಜನ ಮನೆಯ ಫೋಟೋಗಳೆಲ್ಲ ನನ್ನ ಕೈಗೆ ಬಂದವು. ಕಾಗದವನ್ನು ಉಳಿಸುವುದು ನಿಜವಾಗಿಯೂ ಸುಲಭ. ಆದರೆ ಯಾವ ಕಾಗದ ಉಳಿಯಬೇಕು, ಅದರಲ್ಲಿ ಯಾರು ಕಾಣಬೇಕು, ಕಂಡವರಿಗೆ ಹೆಸರು ಇರಬೇಕೋ ಬೇಡವೋ ಎನ್ನುವಲ್ಲಿ ಕೈ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಅದು ಅಂಟು, ಕತ್ತರಿಗಳ ವಿಷಯವಾಗಿ ಉಳಿಯುವುದಿಲ್ಲ. ನ್ಯಾಯದ ವಿಷಯವಾಗುತ್ತದೆ.

ಸುಲಭದ ಭಾಗವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಆಲ್ಬಮ್ಮುಗಳು ಸಿಗುತ್ತವೆ. ಕಪ್ಪು ದಪ್ಪ ಹಾಳೆಗೆ ತ್ರಿಕೋನಾಕಾರದ ಮೂಲೆಗಳನ್ನು ಅಂಟಿಸಿ, ಅವುಗಳೊಳಗೆ ಫೋಟೋ ಸಿಕ್ಕಿಸಿ, ಪುಟಗಳ ನಡುವೆ ತೆಳು ಕಾಗದ ಇಟ್ಟಿರುವುದು ಹಳೆಯ ಕಾಲದ್ದು. ಅಂಟು ಬಳಿದ ಹಾಳೆಯ ಮೇಲೆ ಫೋಟೋ ಕೂರಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯುವುದು ಎಪ್ಪತ್ತು, ಎಂಬತ್ತರ ದಶಕದ್ದು. ಎರಡೂ ಕೈಯಲ್ಲಿ ಎತ್ತಬೇಕಾದ ಕರಿಷ್ಮಾ ಆಲ್ಬಮ್ಮು ಈಚಿನ ಮದುವೆಗಳದ್ದು. ಇವುಗಳಲ್ಲಿ ಅಪಾಯದ್ದು ನಡುವಿನದು. ಅದರ ಅಂಟು ವರ್ಷ ಕಳೆದಂತೆ ಹಳದಿಯಾಗಿ ಫೋಟೋವನ್ನು ಕಚ್ಚಿಕೊಳ್ಳುತ್ತದೆ. ಮೇಲಿನದು ಪಿವಿಸಿ ಪ್ಲಾಸ್ಟಿಕ್ ಆಗಿದ್ದರೆ ಅದೂ ಫೋಟೋಕ್ಕೆ ಒಳ್ಳೆಯದಲ್ಲ. ಹಾಗಾಗಿ ಮೊದಲು ಇಡೀ ಪುಟವನ್ನು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಆಮೇಲೆ ಡೆಂಟಲ್ ಫ್ಲಾಸ್ ದಾರವನ್ನು ಫೋಟೋದ ಹಿಂದೆ ತೂರಿಸಿ ಗರಗಸದ ಹಾಗೆ ನಿಧಾನ ಎಳೆದರೆ ಬಹುಪಾಲು ಬಿಟ್ಟುಕೊಳ್ಳುತ್ತವೆ. ಬಿಡದಿದ್ದರೆ ಬಲವಂತ ಮಾಡಬಾರದು, ಪುಟದ ಸಮೇತ ಇಟ್ಟುಕೊಳ್ಳಬೇಕು. ಹೊಸ ಆಲ್ಬಮ್ಮಿಗೆ ಆಮ್ಲರಹಿತ ಕಾಗದ, ಅದೇ ಹಳೆಯ ತ್ರಿಕೋನ ಮೂಲೆಗಳು ಸಾಕು. ಫೋಟೋದ ಬೆನ್ನ ಮೇಲೆ ಬಾಲ್‌ಪೆನ್ನಿನಿಂದ ಬರೆದರೆ ಗೀರು ಮುಂದಕ್ಕೆ ಮೂಡುತ್ತದೆ. ಮೃದುವಾದ ಪೆನ್ಸಿಲ್ಲಿನಲ್ಲಿ, ಅದೂ ಹಗುರವಾಗಿ ಬರೆಯುವುದು ಲೇಸು. ಅಟ್ಟದ ಮೇಲಂತೂ ಇಡಲೇಬಾರದು. ಫೋಟೋದ ಮೇಲ್ಪದರದಲ್ಲಿ ಇರುವುದು ಜೆಲಾಟಿನ್. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯಲು ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಜನ ಓಡಾಡುವ ಕೋಣೆಯ ಬೀರುವೇ ಕ್ಷೇಮ. ಮೊಬೈಲಿನಲ್ಲಿ ತೆಗೆದ ಪ್ರತಿಗಳನ್ನು ಎರಡು ಕಡೆ, ಒಂದನ್ನು ಬೇರೆ ಊರಿನಲ್ಲಿರುವವರ ಹತ್ತಿರ ಇಟ್ಟರೆ ಅಲ್ಲಿಗೆ ಕಾಗದದ ಚಿಂತೆ ಮುಗಿಯಿತು.

ಈ ಕೆಲಸದಲ್ಲಿ ಒಂದು ವಿಚಿತ್ರವೂ ಕಾಣುತ್ತದೆ. ನಮ್ಮಲ್ಲಿ ತೀರಾ ಹಳೆಯವೇ ಹೆಚ್ಚು ಚೆನ್ನಾಗಿ ಉಳಿದಿವೆ. ಕಪ್ಪು ಬಿಳುಪಿನ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ. ಎಂಬತ್ತರ ದಶಕದ ಬಣ್ಣದ ಚಿತ್ರಗಳು ಮೂಡಿರುವುದು ಸಾವಯವ ವರ್ಣದ್ರವ್ಯಗಳಿಂದ. ಅವು ಕತ್ತಲಲ್ಲಿ ಮುಚ್ಚಿಟ್ಟರೂ ಮಾಸುತ್ತವೆ. ಹಾಗಾಗಿ ಮುತ್ತಜ್ಜಿಯ ಮುಖ ಸ್ಪಷ್ಟವಾಗಿದೆ, ಅಪ್ಪ ಅಮ್ಮನ ಮದುವೆ ಕೆಂಪು ಮಂಜಿನೊಳಗೆ ನಡೆದ ಹಾಗಿದೆ. ಹೊಸದು ಹೆಚ್ಚು ಬಾಳುತ್ತದೆ ಎನ್ನುವ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಇನ್ನು ಕಷ್ಟದ ಭಾಗ. ಆಲ್ಬಮ್ಮು ಎಂದರೆ ಆಯ್ಕೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರೆ ಬೋರ್ದ್ಯು ತನ್ನ ಸಹೋದ್ಯೋಗಿಗಳ ಜೊತೆ 1965ರಲ್ಲಿ ಫೋಟೋಗ್ರಫಿಯ ಬಗ್ಗೆ ಒಂದು ಪುಸ್ತಕ ತಂದ. ಕುಟುಂಬದ ಫೋಟೋ ಕುಟುಂಬವನ್ನು ಬರಿದೇ ತೋರಿಸುವುದಿಲ್ಲ, ನಾವೆಲ್ಲ ಒಂದು ಎಂದು ಅದಕ್ಕೆ ಮತ್ತೆ ಮತ್ತೆ ಹೇಳಿ ನಂಬಿಸುತ್ತದೆ ಎನ್ನುವುದು ಅಲ್ಲಿನ ಮುಖ್ಯ ಮಾತುಗಳಲ್ಲಿ ಒಂದು. ನಮ್ಮ ಮನೆಯ ಆಲ್ಬಮ್ಮು ತೆರೆದು ನೋಡಿದರೆ ಇದಕ್ಕೆ ಬೇರೆ ಸಾಕ್ಷಿ ಬೇಡ. ನಾಮಕರಣ, ಉಪನಯನ, ಮದುವೆ, ಗೃಹಪ್ರವೇಶ. ಮೊಗ್ಗಿನ ಜಡೆ ಹಾಕಿಸಿಕೊಂಡ ಹುಡುಗಿಯರು ಕನ್ನಡಿಗೆ ಬೆನ್ನು ಮಾಡಿ ನಿಂತು, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ತೆಗೆಸಿಕೊಂಡ ಸ್ಟುಡಿಯೋ ಚಿತ್ರಗಳು. ಜಗಳದ ಫೋಟೋ ಒಂದೂ ಇಲ್ಲ. ಪಾಲು ಆದ ದಿನದ್ದಿಲ್ಲ. ಹೊಗೆ ತುಂಬಿದ ಅಡುಗೆಮನೆಯದ್ದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಯಾರೂ ಕ್ಯಾಮೆರಾ ಹಿಡಿದುಕೊಂಡು ಜಗಳ ಆಡುವುದಿಲ್ಲ. ಆದರೆ ಆಲ್ಬಮ್ಮನ್ನು ಮನೆಯ ಚರಿತ್ರೆ ಎಂದು ಮುಂದಿನವರ ಕೈಗೆ ಕೊಡುವಾಗ, ಅದು ಯಾರೋ ಆರಿಸಿದ ಚರಿತ್ರೆ ಎಂಬುದು ನೆನಪಿರಬೇಕು.

ಆರಿಸುವುದು ಕೆಲವೊಮ್ಮೆ ನಮಗೆ ಗೊತ್ತಾಗದಂತೆಯೂ ನಡೆಯುತ್ತದೆ. ನಮ್ಮಲ್ಲೊಂದು ಫೋಟೋ ಇದೆ. ಹಿಂದೆ ಅಜ್ಜನ ಅಕ್ಷರದಲ್ಲಿ 'ಮಗು, 1974' ಎಂದಿದೆ. ಮಗು ನನ್ನ ಚಿಕ್ಕಪ್ಪ. ಮಗುವನ್ನು ಎತ್ತಿಕೊಂಡು ನಿಂತಿರುವುದು ಒಬ್ಬ ಹೆಂಗಸು, ಮನೆಯ ಕೆಲಸಕ್ಕೆ ಬರುತ್ತಿದ್ದವರು. ಅವರ ವಿಷಯ ಬೆನ್ನ ಮೇಲೆ ಏನೂ ಇಲ್ಲ. ಮೊಬೈಲಿನ ಸ್ಕ್ಯಾನ್ ಆ್ಯಪಿನಲ್ಲಿ ಮಗುವಿನ ಮುಖದ ಸುತ್ತ ಚೌಕ ಎಳೆದರೆ ಅವರ ಭುಜದಿಂದ ಮೇಲಿನದೆಲ್ಲ ಹೋಗುತ್ತದೆ, ಚಿತ್ರವೂ ಅಚ್ಚುಕಟ್ಟಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಯುರೋಪು, ಅಮೆರಿಕಗಳ ಸ್ಟುಡಿಯೋಗಳಲ್ಲಿ ಎಳೆಯ ಮಕ್ಕಳು ಅಲುಗಾಡದಂತೆ ಹಿಡಿದುಕೊಳ್ಳಲು ತಾಯಿಯನ್ನೋ ದಾದಿಯನ್ನೋ ಕೂರಿಸಿ, ಅವರ ಮೇಲೆ ಬಟ್ಟೆ ಹೊದಿಸಿ ಕುರ್ಚಿಯ ಹಾಗೆ ಕಾಣುವಂತೆ ಮಾಡುತ್ತಿದ್ದರು. ಆಗ ಒಂದು ಚಿತ್ರಕ್ಕೆ ಹಲವು ಸೆಕೆಂಡು ಮಿಸುಕದೆ ಇರಬೇಕಿತ್ತು. ಈಗ ಆ ಚಿತ್ರಗಳನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ನಮ್ಮ ಮನೆಯ ಫೋಟೋದಲ್ಲಿ ಬಟ್ಟೆ ಹೊದಿಸಿಲ್ಲ, ಹೆಸರು ಬರೆದಿಲ್ಲ ಅಷ್ಟೆ. ಫಲ ಹೆಚ್ಚು ಬೇರೆಯಲ್ಲ. ಇಬ್ಬರು ಮೂವರನ್ನು ವಿಚಾರಿಸಿದ ಮೇಲೆ ದೊಡ್ಡಮ್ಮನಿಗೆ ಆ ಹೆಂಗಸಿನ ಹೆಸರು ನೆನಪಾಯಿತು, ಅವರ ಊರೂ ನೆನಪಾಯಿತು. 'ಅವಳಿಲ್ಲದಿದ್ದರೆ ಆ ವರ್ಷ ಮಗು ಉಳೀತಿರಲಿಲ್ಲ' ಎಂದರು. ಇಷ್ಟು ದೊಡ್ಡ ಸಂಗತಿ ಐವತ್ತು ವರ್ಷ ಒಬ್ಬರ ನೆನಪಿನಲ್ಲಿ ಮಾತ್ರ ಇತ್ತು. ಆ ಹೆಸರನ್ನು ಮಗುವಿನ ಹೆಸರಿನ ಪಕ್ಕದಲ್ಲಿ ಬರೆಯಲು ಅರ್ಧ ನಿಮಿಷ ಸಾಕಾಯಿತು.

ಹೆಸರು ಬರೆಯುವುದು ಇಷ್ಟು ಮುಖ್ಯವೇ ಎಂದು ಕೇಳಬಹುದು. ಪ್ಲೇಟೋನ 'ಫೀಡ್ರಸ್' ಸಂವಾದದಲ್ಲಿ ಸಾಕ್ರಟಿಸ್ ಬರವಣಿಗೆಯನ್ನು ಚಿತ್ರಕ್ಕೆ ಹೋಲಿಸುತ್ತಾನೆ. ಚಿತ್ರದಲ್ಲಿರುವವರು ಜೀವಂತ ಇದ್ದಂತೆಯೇ ಕಾಣುತ್ತಾರೆ, ಏನಾದರೂ ಕೇಳಿದರೆ ಮಾತ್ರ ಬಾಯಿ ಬಿಡುವುದಿಲ್ಲ ಎನ್ನುವುದು ಅವನ ತಕರಾರು. ಫೋಟೋದ ಮಟ್ಟಿಗೆ ಇದು ಪೂರ್ತಿ ನಿಜ. ರೋಲಾಂ ಬಾರ್ತ್ 1980ರಲ್ಲಿ ಬಂದ ತನ್ನ ಕೊನೆಯ ಪುಸ್ತಕದಲ್ಲಿ, ತೀರಿಹೋದ ತಾಯಿಯನ್ನು ಅವಳ ಐದನೆಯ ವಯಸ್ಸಿನ ಒಂದು ಫೋಟೋದಲ್ಲಿ ಮತ್ತೆ ಕಂಡ ಬಗೆಯನ್ನು ಬರೆದಿದ್ದಾನೆ. ಪುಸ್ತಕದ ತುಂಬ ಫೋಟೋಗಳಿದ್ದರೂ ಆ ಒಂದನ್ನು ಅಚ್ಚು ಹಾಕಲಿಲ್ಲ. ತನಗೆ ಸರ್ವಸ್ವವಾದದ್ದು ಓದುಗರಿಗೆ ಯಾವುದೋ ಒಂದು ಹಳೆಯ ಚಿತ್ರವಾಗಿ ಕಾಣುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಫೋಟೋದ ಅರ್ಧ ಭಾಗ ಕಾಗದದ ಮೇಲಿದ್ದರೆ ಇನ್ನರ್ಧ ಬಲ್ಲವರ ತಲೆಯೊಳಗೆ ಇರುತ್ತದೆ. ಬಲ್ಲವರು ಹೋದ ದಿನ, ಕಾಗದ ಎಷ್ಟೇ ಭದ್ರವಾಗಿದ್ದರೂ, ಅದು 'ಯಾರೋ' ಆಗಿಬಿಡುತ್ತದೆ.

ಹಾಗಾದರೆ ಎಲ್ಲರನ್ನೂ ಹಾಕಿ, ಎಲ್ಲರ ಹೆಸರೂ ಬರೆದುಬಿಟ್ಟರೆ ನ್ಯಾಯ ಸಂದಿತೇ? ನಾನೂ ಕೆಲವು ದಿನ ಹಾಗೇ ಅಂದುಕೊಂಡಿದ್ದೆ. ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿ ಒಂದು ಪುಟದ ನಡುವೆ ನಾಲ್ಕು ಮೂಲೆಗಳು ಮಾತ್ರ ಇದ್ದವು, ಫೋಟೋ ಇರಲಿಲ್ಲ. ಸುತ್ತಲಿನ ಹಾಳೆ ಬೂದಿ ಬಣ್ಣಕ್ಕೆ ತಿರುಗಿತ್ತು, ಫೋಟೋ ಇದ್ದ ಜಾಗ ಮೊದಲಿನ ಹಾಗೇ ಕಪ್ಪಗಿತ್ತು. ಕೆಳಗೆ ಬಿಳಿ ಅಕ್ಷರದಲ್ಲಿ 'ದೀಪಾವಳಿ, 1978' ಎಂದಿತ್ತು. ಅದು ಅತ್ತೆಯ ಫೋಟೋ. ಅತ್ತೆ ಬೇರೆ ಜಾತಿಯವರನ್ನು ಮದುವೆಯಾದ ವರ್ಷ ಅಜ್ಜ ಅದನ್ನು ಕಿತ್ತು ತೆಗೆದಿದ್ದರಂತೆ. ಹರಿದು ಹಾಕಿದ್ದಾರೆಂದೇ ಎಲ್ಲರೂ ತಿಳಿದಿದ್ದರು. ಅದು ಸಿಕ್ಕಿದ್ದು ಅಜ್ಜಿಯ ಹಾಡಿನ ಪುಸ್ತಕದೊಳಗೆ, ಆರತಿ ಹಾಡುಗಳ ನಡುವೆ.

ಮುಂದೇನು ಎನ್ನುವಲ್ಲಿ ಮನೆಯಲ್ಲಿ ಎರಡು ಮಾತಾಯಿತು. ಚಿಕ್ಕಪ್ಪ 'ಹಳೇದೆಲ್ಲ ಈಗ ಯಾಕೆ, ಅದೇ ಜಾಗಕ್ಕೆ ಕೂರಿಸಿಬಿಡು' ಎಂದರು. ದೊಡ್ಡಮ್ಮ ಆ ಪುಟವನ್ನೇ ಬಿಟ್ಟು ಹೊಸ ಆಲ್ಬಮ್ಮು ಮಾಡು ಎಂದರು. ಚಿಕ್ಕಪ್ಪನ ಮಾತನ್ನು ಹಗುರ ಮಾಡಲಾರೆ. ಒಂದಿಷ್ಟು ಮರೆವು ಇಲ್ಲದಿದ್ದರೆ ಯಾವ ಕುಟುಂಬವೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಾರದು. ಆದರೆ ಮರೆಯುವ ಅಧಿಕಾರ ಯಾರದ್ದು? ಅಜ್ಜ ಈಗಿಲ್ಲ. ಅತ್ತೆ ಇದ್ದಾರೆ. ಫೋನು ಮಾಡಿದೆ. ಅವರು ತುಸು ಹೊತ್ತು ಸುಮ್ಮನಿದ್ದು, 'ತೆಗೆಯುವಾಗ ಯಾರೂ ನನ್ನ ಕೇಳಲಿಲ್ಲ, ಹಾಕುವಾಗ ಕೇಳ್ತಿದೀಯಲ್ಲ, ಯೋಚನೆ ಮಾಡ್ತೀನಿ' ಎಂದರು. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. 'ಅದೇ ಜಾಗಕ್ಕೆ ಬೇಡ. ಎದುರು ಪುಟಕ್ಕೆ ಹಾಕು. ಆ ಮೂಲೆಗಳನ್ನು ಕೀಳಬೇಡ, ಹಾಗೇ ಇರಲಿ.'

ಚಿಕ್ಕಪ್ಪನ ದಾರಿಯಲ್ಲಿ ಫೋಟೋ ಉಳಿಯುತ್ತಿತ್ತು, ಅತ್ತೆಗೆ ಆದದ್ದು ಅಳಿಸಿಹೋಗುತ್ತಿತ್ತು. ನೋಡುವವರಿಗೆ ಅತ್ತೆ ಯಾವತ್ತೂ ಆ ಪುಟದಲ್ಲೇ ಇದ್ದರು ಎನ್ನಿಸುತ್ತಿತ್ತು. ಅಂದರೆ ಅಜ್ಜನನ್ನು ಅತ್ತೆಯ ಪರವಾಗಿ, ಅತ್ತೆಯನ್ನು ಕೇಳದೆ, ನಾವು ಕ್ಷಮಿಸಿಬಿಡುತ್ತಿದ್ದೆವು. ನೋವು ಉಂಡವರ ಬದಲು ಬೇರೆಯವರು ಕೊಡುವ ಕ್ಷಮೆಗೆ ಬೆಲೆ ಇಲ್ಲ ಎನ್ನುವುದು ನೀತಿಶಾಸ್ತ್ರದ ಹಳೆಯ ಮಾತು. ಅದು ಆಲ್ಬಮ್ಮಿಗೂ ಅನ್ವಯಿಸುತ್ತದೆ. ಅತ್ತೆ ಬೇಡವೇ ಬೇಡ ಎಂದಿದ್ದರೂ ಅದನ್ನು ಒಪ್ಪಬೇಕಿತ್ತು. ಚಿತ್ರದಲ್ಲಿರುವವರು ಬದುಕಿದ್ದಾಗ ಅವರ ಮಾತಿಗಿಂತ ನಮ್ಮ ಚರಿತ್ರೆಯ ಆಸೆ ದೊಡ್ಡದಲ್ಲ.

ಬದುಕಿಲ್ಲದವರನ್ನು ಕೇಳುವುದು ಹೇಗೆ? 1940ರ ದಶಕದ ಒಂದು ಗುಂಪುಚಿತ್ರದ ತುದಿಯಲ್ಲಿ ಅಜ್ಜನ ಸೋದರತ್ತೆ ಇದ್ದಾರೆ, ತಲೆ ತುಂಬ ಸೆರಗು, ಗಾಢ ಬಣ್ಣದ ಸೀರೆ. ತಮ್ಮನೊಬ್ಬ ಆ ಚಿತ್ರವನ್ನು ಬಣ್ಣ ತುಂಬುವ ಆ್ಯಪಿಗೆ ಹಾಕಿದ. ಸೀರೆ ನೀಲಿಯಾಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೂ ಎಷ್ಟು ಚೆಂದ ಎಂದರು. ದೊಡ್ಡಮ್ಮ ಮಾತ್ರ 'ಅದು ಕೆಂಪು' ಎಂದರು. ಬಾಲ್ಯದಲ್ಲೇ ಗಂಡ ತೀರಿದ ಮೇಲೆ ತಲೆ ಬೋಳಿಸಿ ಉಡಿಸುತ್ತಿದ್ದ ಮಡಿಯ ಕೆಂಪು ಸೀರೆ. ಆ ಕಾಲದ ಎಷ್ಟೋ ಫಿಲ್ಮುಗಳಿಗೆ ಕೆಂಪು ಕಾಣುತ್ತಿರಲಿಲ್ಲ, ಕೆಂಪೆಲ್ಲ ಕಪ್ಪಾಗಿ ಮೂಡುತ್ತಿತ್ತು. ಅಲ್ಲಿ ಯಾವ ಬಣ್ಣ ಇತ್ತೆಂದು ಆ್ಯಪು ಊಹಿಸಬಲ್ಲುದೇ ಹೊರತು ಅರಿಯಲಾರದು. ಅದು ಒಂದು ಸೀರೆಯ ಬಣ್ಣ ಬದಲಿಸಿದ ಹಾಗೆ ಕಂಡರೂ, ಒಬ್ಬ ಹೆಂಗಸಿನ ಇಡೀ ಬದುಕು ಆ ಬಣ್ಣದೊಳಗಿತ್ತು. ಮಸುಕಾದ ಮುಖವನ್ನು ಚುರುಕುಗೊಳಿಸುವ ಆ್ಯಪುಗಳದ್ದೂ ಇದೇ ಕತೆ. ಕಾಣದ ಕಡೆ ಅವು ಬೇರೆ ಯಾರದೋ ಕಣ್ಣು, ಹುಬ್ಬು ಕೂರಿಸುತ್ತವೆ. ಸತ್ತವರಿಗೆ ನಾವು ಮಾಡಬಹುದಾದ ಕನಿಷ್ಠ ಮರ್ಯಾದೆ ಅವರನ್ನು ತಿದ್ದದೆ ಇರುವುದು. ಆಸೆಯಿದ್ದರೆ ಬಣ್ಣದ ಪ್ರತಿ ಬೇರೆ ಇರಲಿ, ಆಲ್ಬಮ್ಮಿನಲ್ಲಿ ಮೂಲ ಚಿತ್ರವೇ ಇರಲಿ, ಪಕ್ಕದಲ್ಲಿ 'ಸೀರೆ ಕೆಂಪು' ಎಂದು ಬರೆದಿರಲಿ.

ನಮ್ಮ ಫೋಟೋಗಳ ಪಾಡು ಇನ್ನೂ ಬೇರೆ. ಅಜ್ಜನ ಮನೆಯಲ್ಲಿ ಮೂರು ತಲೆಮಾರಿಗೆ ಇರುವುದು ನಾನೂರು ಚಿಲ್ಲರೆ ಚಿತ್ರ. ನನ್ನ ಫೋನಿನಲ್ಲಿ ಎರಡು ವರ್ಷಕ್ಕೆ ಹನ್ನೊಂದು ಸಾವಿರ. ಎಲ್ಲವನ್ನೂ ಉಳಿಸಿಕೊಂಡಿರುವುದರಿಂದ ಯಾವುದನ್ನೂ ಆರಿಸಿಲ್ಲ. ಫೋನು ತಾನಾಗಿ ಮುಖ ಗುರುತಿಸಿ, ಹಾಡು ಸೇರಿಸಿ, ನೆನಪುಗಳೆಂದು ಕಳಿಸುತ್ತದೆ. ಅಜ್ಜನ ಆಯ್ಕೆಯನ್ನು ನಾನು ಪ್ರಶ್ನಿಸಬಲ್ಲೆ, ಅತ್ತೆಯೂ ಪ್ರಶ್ನಿಸಬಲ್ಲರು, ಯಾಕೆಂದರೆ ಅದರ ಹಿಂದೆ ಒಬ್ಬ ಮನುಷ್ಯನಿದ್ದ. ಫೋನು ಯಾರನ್ನು ಬಿಟ್ಟಿತು, ಯಾಕೆ ಬಿಟ್ಟಿತು ಎಂದು ಯಾರನ್ನು ಕೇಳುವುದು? ಬೇಗ ಆಗಲಿ ಎಂದು ಆಯ್ಕೆಯನ್ನೇ ಒಪ್ಪಿಸಿಬಿಟ್ಟರೆ ಅದರ ಹೊಣೆಯೂ ಕೈಬಿಡುತ್ತದೆ.

ಹಾಗಾಗಿ ಸುಲಭದ ದಾರಿ ಕೇಳುವವರಿಗೆ ನಾನು ಈಗ ಹೇಳುವುದು ಇಷ್ಟೇ. ಅಂಟು, ಪ್ಲಾಸ್ಟಿಕ್ಕು, ಸ್ಕ್ಯಾನು ಎಲ್ಲವನ್ನೂ ಆದಷ್ಟು ಬೇಗ ಮುಗಿಸಿ. ಅಲ್ಲಿ ಉಳಿಸಿದ ಹೊತ್ತನ್ನು ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಕೂರಲು ಇಟ್ಟುಕೊಳ್ಳಿ. ಒಂದು ಸಂಜೆಗೆ ಐದಾರು ಚಿತ್ರ ಸಾಕು, ಅದಕ್ಕಿಂತ ಹೆಚ್ಚಾದರೆ ಅವರಿಗೂ ದಣಿವು. ನಡುವೆ ಕೂತವರನ್ನು ಅವರು ತಾವಾಗಿಯೇ ಹೇಳುತ್ತಾರೆ. ತುದಿಯಲ್ಲಿ ನಿಂತವರ ಮೇಲೆ ಬೆರಳಿಟ್ಟು 'ಇವರು ಯಾರು?' ಎಂದು ನೀವೇ ಕೇಳಬೇಕು.